ಅಮೆರಿಕದಲ್ಲಿ ಯಕೃತ್ತಿನ ಕಸಿಗೆ ಮೊದಲು ಹೆಸರು ಬರೆಸಿದವರಿಗೇ ಮೊದಲು ಅಂಗ ಸಿಗುವುದಿಲ್ಲವೇಕೆ?

ಯಾರು ಹೆಚ್ಚು ದಿನ ಕಾದಿದ್ದಾರೆ ಎಂಬುದಕ್ಕಿಂತ, ಅಂಗ ಸಿಗದಿದ್ದರೆ ಯಾರು ಬೇಗ ಸಾಯುತ್ತಾರೆ ಎಂಬುದನ್ನೇ ಅಲ್ಲಿ ಮುಖ್ಯವೆಂದು ಪರಿಗಣಿಸುತ್ತಾರೆ. ಮೂತ್ರಪಿಂಡ ಸೋತವರನ್ನು ಡಯಾಲಿಸಿಸ್ ವರ್ಷಗಟ್ಟಲೆ ಉಳಿಸಬಲ್ಲದಾದ್ದರಿಂದ ಆ ಪಟ್ಟಿಯಲ್ಲಿ ಕಾದ ಕಾಲಕ್ಕೆ ಬೆಲೆ ಕೊಡುವುದು ನ್ಯಾಯವೆನಿಸುತ್ತದೆ. ಯಕೃತ್ತಿಗೆ ಅಂಥ ಯಂತ್ರವಿಲ್ಲ. ಹೀಗಿರುವಾಗ ಬರೀ ಸರದಿಯನ್ನು ನೋಡಿದರೆ, ಕಾಯಿಲೆ ಬಲಿಯುವ ಮೊದಲೇ ತಜ್ಞರನ್ನು ಕಂಡು ಹೆಸರು ಬರೆಸುವ ಅನುಕೂಲವಿದ್ದವರು ಮುಂದೆ ಹೋಗುತ್ತಾರೆ; ಸಾವಿನ ಅಂಚಿನಲ್ಲಿ ಆಸ್ಪತ್ರೆ ಸೇರಿದವರು ಹಿಂದೆ ಉಳಿಯುತ್ತಾರೆ.

ಅದಕ್ಕಾಗಿ 2002ರಲ್ಲಿ 'ಮೆಲ್ಡ್' ಎಂಬ ಅಂಕಪದ್ಧತಿ ಬಳಕೆಗೆ ಬಂತು. ರಕ್ತದಲ್ಲಿನ ಬಿಲಿರುಬಿನ್ (ಕಾಮಾಲೆಯ ಹಳದಿಗೆ ಕಾರಣವಾದ ವಸ್ತು), ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಶ) ಮತ್ತು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಈ ಮೂರರಿಂದ ಮುಂದಿನ 3 ತಿಂಗಳಲ್ಲಿ ಸಾವು ಸಂಭವಿಸುವ ಸಾಧ್ಯತೆಯನ್ನು ಅಂದಾಜಿಸಿ 6ರಿಂದ 40ರವರೆಗೆ ಅಂಕ ಕೊಡುತ್ತಿದ್ದರು. ಕಸಿಯ ನಂತರ ಯಾರು ಹೆಚ್ಚು ವರ್ಷ ಬದುಕುತ್ತಾರೆ ಎಂಬುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅದನ್ನು ಬಿಟ್ಟದ್ದು ನೈತಿಕ ಆಯ್ಕೆ. ಯಾವ ಆಯ್ಕೆ ಸರಿ ಎಂಬುದನ್ನು ರಕ್ತಪರೀಕ್ಷೆ ಹೇಳಿಕೊಡುವುದಿಲ್ಲ.

ಸೂತ್ರವೂ ಪಕ್ಷಪಾತ ಮಾಡಬಲ್ಲದು. ಕ್ರಿಯಾಟಿನಿನ್ ಸ್ನಾಯುಗಳಲ್ಲಿ ಹುಟ್ಟುವುದರಿಂದ, ಸಾಮಾನ್ಯವಾಗಿ ಸ್ನಾಯು ಕಡಿಮೆಯಿರುವ ಹೆಂಗಸರ ಮೂತ್ರಪಿಂಡ ಗಂಡಸರಷ್ಟೇ ಕೆಟ್ಟಿದ್ದರೂ ಅದರ ಮಟ್ಟ ಕಡಿಮೆ ಕಾಣುತ್ತದೆ, ಅಂಕವೂ ಇಳಿಯುತ್ತದೆ. ಹೀಗೆ ಅವರಿಗೆ ಕಸಿ ಸಿಗುವ ಸಂಭವ ಕಡಿಮೆಯಾಗಿ, ಪಟ್ಟಿಯಲ್ಲಿರುವಾಗಲೇ ಸಾಯುವ ಅಪಾಯ ಹೆಚ್ಚಿತ್ತು. 2023ರಲ್ಲಿ ಜಾರಿಗೆ ಬಂದ ಪರಿಷ್ಕೃತ ಸೂತ್ರವು ಹೆಂಗಸರಿಗೆ 1.33 ಅಂಕ ಸೇರಿಸುತ್ತದೆ. ಇಷ್ಟು ಚಿಕ್ಕ ತಿದ್ದುಪಡಿಗೆ 21 ವರ್ಷ ಹಿಡಿಯಿತು.