ಟೆಕ್ಸಾಸ್‌ನಲ್ಲಿ ಮನೆಯಲ್ಲೇ ಮಾಡಿದ ಬಂದೂಕನ್ನು ಗೆಳೆಯನಿಗೆ ಮಾರಬಹುದಾ? ಲೈಸೆನ್ಸ್ ಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಡಲ್ಲಾಸ್ ಹತ್ತಿರ ಇದ್ದೀರಿ, ಗ್ಯಾರೇಜ್‌ನಲ್ಲಿ ಎಆರ್-15 ರೈಫಲ್ ಒಂದನ್ನು ಕೈಯಾರೆ ಮಾಡಿದ್ದೀರಿ. ಮಗು ಹುಟ್ಟಿದ ಮೇಲೆ ಮನೆಯವರು ಅದು ಬೇಡ ಅಂತಿದ್ದಾರೆ. ಕನ್ನಡ ಸಂಘದ ಗೆಳೆಯರೊಬ್ಬರು ಕೊಳ್ಳಲು ತಯಾರಿದ್ದಾರೆ. ಅವರಿಗೆ ಮಾರಬಹುದಾ, ಇಲ್ಲದಿದ್ದರೆ ಕೊಡಗಿನ ತೋಟಕ್ಕೆ ಕಳಿಸಬಹುದಾ ಅಂತ ಕೇಳಿದ್ದೀರಿ. ಆದರೆ ಮುಖ್ಯವಾದ ಎರಡು ವಿಷಯ ಬಿಟ್ಟಿದ್ದೀರಿ. ನೀವು ಯಾವ ವೀಸಾದಲ್ಲಿದ್ದೀರಿ? ಬಂದೂಕಿನ ಮೇಲೆ ಸೀರಿಯಲ್ ನಂಬರ್ ಇದೆಯಾ?

ನಾನು ವಕೀಲನಲ್ಲ. ಹ್ಯೂಸ್ಟನ್ ಕಡೆ ಬಹಳ ವರ್ಷದಿಂದ ಇದ್ದೇನೆ, ಬಿಡುವಾದಾಗ ಶೂಟಿಂಗ್ ರೇಂಜ್‌ಗೆ ಹೋಗುತ್ತೇನೆ. ಹೊಸದಾಗಿ ಬಂದ ಹುಡುಗರಿಗೆ ಇದನ್ನೇ ಹೇಳಿ ಹೇಳಿ ಬಾಯಿಪಾಠ ಆಗಿದೆ.

ಮೊದಲು ವೀಸಾ ವಿಷಯ. ಬಂದೂಕು ಇಟ್ಟುಕೊಳ್ಳಬಾರದವರು ಯಾರು ಅಂತ ಫೆಡರಲ್ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ದೊಡ್ಡ ಅಪರಾಧ ಸಾಬೀತಾದವರು, ತಲೆಮರೆಸಿಕೊಂಡವರು, ಡ್ರಗ್ಸ್ ಚಟ ಇರುವವರು, ಹೀಗೆ ಸಾಗುತ್ತದೆ. ಅದೇ ಪಟ್ಟಿಯಲ್ಲಿ ನಾನ್-ಇಮಿಗ್ರಂಟ್, ಅಂದರೆ ತಾತ್ಕಾಲಿಕ, ವೀಸಾದ ಮೇಲೆ ಬಂದವರೂ ಇದ್ದಾರೆ. ಕೆಲಸಕ್ಕೆ ಬಂದವರ ಎಚ್-1ಬಿ, ಅವರ ಮನೆಯವರ ಎಚ್-4, ಕಂಪನಿಯೊಳಗೇ ವರ್ಗವಾಗಿ ಬಂದವರ ಎಲ್-1, ವಿದ್ಯಾರ್ಥಿಗಳ ಎಫ್-1, ಎಲ್ಲ ಇದರಲ್ಲೇ ಬರುತ್ತವೆ. ಕಂಪನಿ ಬ್ಯಾಡ್ಜ್ ನೇತುಹಾಕಿಕೊಂಡು ತೆರಿಗೆ ಕಟ್ಟಿಕೊಂಡು ಬದುಕುವ ನಮ್ಮ ಜನ ಈ ಸಾಲಿನಲ್ಲಿ ತಾವೂ ಇದ್ದೇವೆ ಅಂತ ಕನಸಲ್ಲೂ ಅಂದುಕೊಳ್ಳುವುದಿಲ್ಲ. ಇವರು ಬಂದೂಕು ಕೊಳ್ಳುವುದಷ್ಟೇ ಅಲ್ಲ, ಹತ್ತಿರ ಇಟ್ಟುಕೊಳ್ಳುವುದೂ ಅಪರಾಧ. ಗುಂಡಿಗೂ ಇದೇ ನಿಯಮ. 2022ರ ತಿದ್ದುಪಡಿ ಆದ ಮೇಲೆ ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಆದರೆ ಐ-140, ಅಂದರೆ ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕುವ ಅರ್ಜಿ, ಅಪ್ರೂವ್ ಆಗಿದೆ ಅಂದ ಮಾತ್ರಕ್ಕೆ ಗ್ರೀನ್ ಕಾರ್ಡ್ ಬಂದಂತೆ ಅಲ್ಲ, ಅಲ್ವಾ? ಹತ್ತು ವರ್ಷದಿಂದ ಸಾಲಿನಲ್ಲಿ ನಿಂತಿದ್ದರೂ ಕಾನೂನಿನ ಕಣ್ಣಿಗೆ ಎಚ್-1ಬಿ ಎಚ್-1ಬಿಯೇ.

ಇದಕ್ಕೆ ಒಂದು ವಿನಾಯಿತಿ ಇದೆ, ರೇಂಜ್‌ಗೆ ಬರುವ ದೇಸಿಗಳೆಲ್ಲ ನೆಚ್ಚಿಕೊಂಡಿರುವುದು ಅದನ್ನೇ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಈ ವೀಸಾದವರೂ ಬಂದೂಕು ಇಟ್ಟುಕೊಳ್ಳಬಹುದು. ಟೆಕ್ಸಾಸ್‌ನಲ್ಲಿ ಇದು ವಾಲ್‌ಮಾರ್ಟ್ ಕೌಂಟರ್‌ನಲ್ಲೇ ಸಿಗುತ್ತದೆ. ಜಿಂಕೆ ಹೊಡೆಯುವುದಿರಲಿ, ಕೋಳಿ ಕೂಡ ತಿನ್ನದವರು ಪರ್ಸಿನಲ್ಲಿ ಬೇಟೆ ಲೈಸೆನ್ಸ್ ಇಟ್ಟುಕೊಂಡು ಓಡಾಡುವುದನ್ನು ಕಂಡಿದ್ದೇನೆ. ಎಡವಟ್ಟಾಗುವುದು ಇಲ್ಲೇ. ಟೆಕ್ಸಾಸ್ ಬೇಟೆ ಲೈಸೆನ್ಸ್ ಯಾವ ತಿಂಗಳು ತೆಗೆದುಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಮರೆತರೆ ಸೆಪ್ಟೆಂಬರ್ 1ರ ಬೆಳಿಗ್ಗೆ ಅದೇ ಮನೆ, ಅದೇ ಕಪಾಟು, ಅದೇ ಬಂದೂಕು, ಆದರೆ ನೀವು ಅಪರಾಧಿ. ಹಾಗಾಗಿ ಎಚ್-1ಬಿಯಲ್ಲಿದ್ದರೆ ಬಂದೂಕು ನಿಮ್ಮ ಹತ್ತಿರ ಇದ್ದ ಅಷ್ಟೂ ದಿನ ಆ ಕಾಗದ ಚಾಲ್ತಿಯಲ್ಲಿತ್ತಾ ಅಂತ ಮೊದಲು ತಾರೀಕು ನೋಡಿಕೊಳ್ಳಿ.

ಸುಮ್ನೆ ಹೆದರಿಸುತ್ತಿದ್ದೇನೆ ಅನ್ನಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಫ್ಲಾರಿಡಾಕ್ಕೆ ಬಂದಿದ್ದ ರೆಹೈಫ್ ಅನ್ನುವವನನ್ನು ವಿಶ್ವವಿದ್ಯಾಲಯ ತೆಗೆದುಹಾಕಿತು. ಅಲ್ಲಿಗೆ ವೀಸಾ ಸ್ಥಿತಿಯೂ ಹೋಯಿತು. ಆಮೇಲೆ ಅವನು ಶೂಟಿಂಗ್ ರೇಂಜ್‌ಗೆ ಹೋಗಿ ಗುಂಡು ಹಾರಿಸಿದ. ಅಷ್ಟಕ್ಕೇ ಕೇಸಾಗಿ 18 ತಿಂಗಳ ಶಿಕ್ಷೆ ಬಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ತನ್ನ ಸ್ಥಿತಿ ಏನು ಅಂತ ಅವನಿಗೆ ಗೊತ್ತಿತ್ತು ಅನ್ನುವುದನ್ನೂ ಸರ್ಕಾರ ಸಾಬೀತು ಮಾಡಬೇಕು ಅಂದಿತು. ಆದರೆ ಪ್ರತಿ ಮೂರು ವರ್ಷಕ್ಕೆ ಎಚ್-1ಬಿ ಮುಂದುವರಿಸಿಕೊಳ್ಳುವವರು ನನ್ನ ಸ್ಥಿತಿ ನನಗೇ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ?

ಗ್ರೀನ್ ಕಾರ್ಡ್ ಇದೆ, ನಾನು ಪಾರು ಅಂತಲೂ ಅಂದುಕೊಳ್ಳಬೇಡಿ. ವಲಸೆ ಕಾನೂನಿನಲ್ಲಿ ಬೇರೆಯದೇ ಒಂದು ಕಲಮು ಇದೆ. ಬಂದೂಕನ್ನಾಗಲಿ ಅದರ ಬಿಡಿಭಾಗವನ್ನಾಗಲಿ ಕಾನೂನು ಮೀರಿ ಕೊಂಡರೂ, ಮಾರಿದರೂ, ಮಾರುತ್ತೇನೆ ಅಂತ ಮುಂದೆ ಬಂದರೂ, ಆ ಅಪರಾಧ ಸಾಬೀತಾದರೆ ದೇಶದಿಂದ ಹೊರಹಾಕಬಹುದು. ಇದು ಗ್ರೀನ್ ಕಾರ್ಡ್‌ನವರಿಗೂ ಅನ್ವಯ. ಸಿಟಿಜನ್ ಆದವರು ಮಾಡುವ ಅದೇ ತಪ್ಪಿಗೆ ಶಿಕ್ಷೆ ಮುಗಿದರೆ ಮುಗಿಯಿತು. ನಮಗೆ ಶಿಕ್ಷೆ ಮುಗಿದ ಮೇಲೆ ವಿಮಾನ.

ಈಗ ಬಂದೂಕಿನ ವಿಷಯ. ಕಾನೂನಿನ ಲೆಕ್ಕದಲ್ಲಿ ಎಆರ್-15ರ ಬ್ಯಾರೆಲ್, ಹಿಡಿ, ಭುಜಕ್ಕೆ ಆನಿಸುವ ಸ್ಟಾಕ್ ಎಲ್ಲ ಬರೀ ಬಿಡಿಭಾಗ. ಟ್ರಿಗರ್ ಕೂರುವ ಲೋವರ್ ರಿಸೀವರ್ ಅನ್ನುವ ತುಂಡೇ ಬಂದೂಕು. ಅಂಗಡಿಯಲ್ಲಿ ಬಂದೂಕು ಕೊಳ್ಳುವವರು ತುಂಬಬೇಕಾದ ಫಾರಂ 4473 ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಮುಗಿಸಿ, ಸೀರಿಯಲ್ ನಂಬರ್ ಇರುವ ಲೋವರ್ ತಂದು ಉಳಿದದ್ದನ್ನು ಜೋಡಿಸಿದ್ದರೆ ಅದು ಹಳೆ ಬಂದೂಕು ಮಾರಿದ ಹಾಗೆಯೇ. ದೊಡ್ಡ ತಕರಾರಿಲ್ಲ. ಆ ಫಾರಂನಲ್ಲಿ ವೀಸಾ ಬಗ್ಗೆಯೂ ಒಂದು ಪ್ರಶ್ನೆ ಇದೆ. ಅಲ್ಲಿ ಏನು ಟಿಕ್ ಮಾಡಿದ್ದೀರಿ ಅಂತ ನೆನಪು ಮಾಡಿಕೊಳ್ಳಿ, ಸುಳ್ಳು ಬರೆದರೆ ಅದೇ ಬೇರೆ ಕೇಸು. ಅರೆಬರೆ ಕೊರೆದ 80 ಪರ್ಸೆಂಟ್ ಲೋವರ್ ತಂದು ನೀವೇ ಮುಗಿಸಿದ್ದರೆ, ಅಥವಾ ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದಿದ್ದರೆ, ಅದು ನಂಬರ್ ಇಲ್ಲದ ಬಂದೂಕು. ಪತ್ರಿಕೆಯವರು ಘೋಸ್ಟ್ ಗನ್ ಅನ್ನುವುದು ಇದನ್ನೇ.

ಟೆಕ್ಸಾಸ್‌ನಲ್ಲಿ ಅಂಥದ್ದನ್ನು ಸ್ವಂತಕ್ಕೆ ಮಾಡಿಕೊಳ್ಳಲು ಲೈಸೆನ್ಸ್ ಬೇಡ, ಬಂದೂಕು ಇಟ್ಟುಕೊಳ್ಳುವ ಹಕ್ಕು ಇದ್ದರೆ ಸಾಕು. ಮೆಟಲ್ ಡಿಟೆಕ್ಟರ್‌ಗೆ ಸಿಗದ ಹಾಗೆ ಪೂರ್ತಿ ಪ್ಲಾಸ್ಟಿಕ್‌ನಲ್ಲಿ ಮಾಡುವ ಹಾಗಿಲ್ಲ, 1988ರಿಂದಲೂ ಅದಕ್ಕೆ ನಿಷೇಧ ಇದೆ. ನಂಬರ್ ಕೊರೆಯಲೇಬೇಕು ಅಂತ ಫೆಡರಲ್ ಕಾನೂನು ಸ್ವಂತಕ್ಕೆ ಮಾಡಿಕೊಂಡವರಿಗೆ ಹೇಳುವುದಿಲ್ಲ. ಬ್ಯಾರೆಲ್ 16 ಇಂಚಿಗಿಂತ ಚಿಕ್ಕದಿದ್ದು ಸ್ಟಾಕ್ ಹಾಕಿದ್ದರೆ ಮಾತ್ರ 1934ರ ಫೆಡರಲ್ ಬಂದೂಕು ಕಾಯ್ದೆ ಕೆಳಗೆ ಮೊದಲೇ ನೋಂದಣಿ ಆಗಿರಬೇಕಿತ್ತು. ಹಾಗೇನಾದರೂ ಇದ್ದರೆ ಈ ಉತ್ತರ ಇಲ್ಲಿಗೇ ಬಿಟ್ಟು ವಕೀಲರ ಹತ್ತಿರ ಓಡಿ.

ಮಾರುವಾಗ ಬರುವ ಪ್ರಶ್ನೆ ಒಂದೇ: ಇದನ್ನು ಮಾಡುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ನನಗೆ ಅಂತ ಮಾಡಿ, ಬಳಸಿ, ಈಗ ಬೇಡವಾಗಿ ಮಾರಿದರೆ ಲೈಸೆನ್ಸ್ ಬೇಕಿಲ್ಲ. ಲಾಭಕ್ಕೆ ಮಾರಬೇಕು ಅಂತಲೇ ಮಾಡುತ್ತಾ ಹೋದರೆ ತಯಾರಕರ ಲೈಸೆನ್ಸ್ ಬೇಕು, ಇಲ್ಲದಿದ್ದರೆ 5 ವರ್ಷದವರೆಗೆ ಜೈಲು. ವರ್ಷಕ್ಕೆ ಇಷ್ಟು ಮಾರಬಹುದು ಅಂತ ವಾಟ್ಸಾಪ್‌ನಲ್ಲಿ ಒಂದು ಲೆಕ್ಕ ಓಡಾಡುತ್ತಿದೆ. ಕಾನೂನಿನಲ್ಲಿ ಅಂಥ ಸಂಖ್ಯೆ ಇಲ್ಲ. ಜಾಹೀರಾತು, ಮೆಸೇಜು, ಮುಂಗಡ, ಒಂದು ಮಾರಿದ ಕೂಡಲೇ ಇನ್ನೊಂದಕ್ಕೆ ತರಿಸಿದ ಸಾಮಾನು, ಇವನ್ನೆಲ್ಲ ಇಟ್ಟುಕೊಂಡು ಉದ್ದೇಶ ಅಳೆಯುತ್ತಾರೆ. ಸ್ಯಾಕ್ರಮೆಂಟೊದಲ್ಲಿ ಒಬ್ಬ ಮಷಿನ್ ಶಾಪ್ ಮಾಲೀಕ ತನ್ನ ಯಂತ್ರದ ಗುಂಡಿಯನ್ನು ಗಿರಾಕಿ ಕೈಯಲ್ಲೇ ಒತ್ತಿಸುತ್ತಿದ್ದ. ಮಾಡಿದವನು ನಾನಲ್ಲ, ಗಿರಾಕಿಯೇ ಅನ್ನುವ ಜಾಣತನ. ಅದು ನಡೆಯಲಿಲ್ಲ. 2017ರಲ್ಲಿ ಅವನಿಗೆ 41 ತಿಂಗಳು ಬಿತ್ತು. ನಿಮ್ಮ ಗೆಳೆಯರು ನನಗೂ ಒಂದು ಮಾಡಿಕೊಡಿ ಅಂತ ಮೊದಲೇ ಕೇಳಿದ್ದು, ಆಮೇಲೆ ನೀವು ಮಾಡಿದ್ದು ಹೌದಾದರೆ ನಿಮ್ಮ ಕಥೆಯ ಬಣ್ಣವೇ ಬದಲಾಗುತ್ತದೆ. ಅಂದ ಹಾಗೆ, ಎಚ್-1ಬಿಯವರು ಲಾಭಕ್ಕೆ ಏನನ್ನು ಮಾಡಿ ಮಾರಿದರೂ ಅದು ಅನುಮತಿ ಇಲ್ಲದ ಕೆಲಸ ಅನ್ನಿಸಿಕೊಳ್ಳಬಹುದು. ಅದು ಬಂದೂಕೇ ಆಗಬೇಕಿಲ್ಲ.

ಇನ್ನು ಗೆಳೆಯರು. ಖಾಸಗಿ ಮಾರಾಟಕ್ಕೆ ಟೆಕ್ಸಾಸ್ ಬ್ಯಾಕ್‌ಗ್ರೌಂಡ್ ಚೆಕ್ ಕೇಳುವುದಿಲ್ಲ. ಆದರೆ ಇಟ್ಟುಕೊಳ್ಳಬಾರದವರಿಗೆ ಅಂತ ಗೊತ್ತಿದ್ದೂ ಅಥವಾ ಅನುಮಾನಕ್ಕೆ ಸಾಕಷ್ಟು ಕಾರಣ ಇದ್ದೂ ಕೊಟ್ಟರೆ ಮಾರಿದವರಿಗೂ 15 ವರ್ಷದವರೆಗೆ ಶಿಕ್ಷೆ. ಗುರುತೇ ಇಲ್ಲದವರಿಗೆ ಮಾರಿದರೆ ಗೊತ್ತಿರಲಿಲ್ಲ ಅನ್ನಬಹುದು. ಯುಗಾದಿ ಊಟಕ್ಕೆ ಒಟ್ಟಿಗೆ ಕೂತು ವೀಸಾ ಸ್ಟಾಂಪಿಂಗ್ ಗೋಳು ಹಂಚಿಕೊಂಡ ಗೆಳೆಯನ ವೀಸಾ ಗೊತ್ತಿರಲಿಲ್ಲ ಅಂದರೆ ಹೇಗೆ? ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸ್ ಕೇಳಿ ನೋಡಿ. ತಾತ್ಕಾಲಿಕ ವೀಸಾದವರ ಕಾರ್ಡ್ ಮೇಲೆ ಲಿಮಿಟೆಡ್ ಟರ್ಮ್ ಅಂತ ಅಚ್ಚಾಗಿರುತ್ತದೆ. ಅದು ಕಂಡರೆ ಅಲ್ಲಿಗೇ ನಿಲ್ಲಿಸಿ. ಗೆಳೆಯರು ಗಡಿ ದಾಟಿ ಓಕ್ಲಹೋಮಾದಲ್ಲಿದ್ದರೆ ನೇರವಾಗಿ ಕೊಡುವ ಹಾಗೇ ಇಲ್ಲ, ಉಡುಗೊರೆಯಾಗಿಯೂ ಕೊಡಬಾರದು. ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು. ಬೇ ಏರಿಯಾಕ್ಕೆ ಕೆಲಸ ಬದಲಾಯಿಸುವ ಯೋಚನೆ ಇದ್ದರೆ ಇದನ್ನು ಜೊತೆಗೆ ಒಯ್ಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಮಾಡಿದ ಬಂದೂಕಿಗೆ ರಾಜ್ಯದಿಂದ ನಂಬರ್ ಪಡೆಯಬೇಕು, ಪಡೆದ ಮೇಲೂ ಮಾರುವ ಹಾಗಿಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್ ಕೂಡ ಕಠಿಣವೇ.

ಮನೆಯಲ್ಲೇ ಬಂದೂಕು ಜೋಡಿಸುವ ಕಿಟ್ ಈಗಲೂ ನಂಬರ್ ಇಲ್ಲದೆ ಸಿಗುತ್ತದಾ ಅಂತ ಇನ್ನೊಬ್ಬರು ಕೆಳಗೆ ಕೇಳಿದ್ದಾರೆ. ಪೊಲೀಸರು ಪತ್ತೆಗೆ ಕಳಿಸಿದ ಘೋಸ್ಟ್ ಗನ್‌ಗಳು 2017ರಲ್ಲಿ ಸುಮಾರು 1,600 ಇದ್ದದ್ದು 2021ಕ್ಕೆ 19,000 ದಾಟಿತ್ತು. ಬಂದೂಕು ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್‌ನ 2022ರ ನಿಯಮ ಬಂದದ್ದು ಅದಕ್ಕೇ. ಸುಲಭವಾಗಿ ಜೋಡಿಸಬಹುದಾದ ಕಿಟ್ ಮಾರುವವರು ಲೈಸೆನ್ಸ್ ಪಡೆದು, ನಂಬರ್ ಹಾಕಿ, ಗಿರಾಕಿಯ ಚೆಕ್ ಮಾಡಬೇಕು. ಮಾರ್ಚ್ 2025ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಆ ನಿಯಮವನ್ನು ಎತ್ತಿಹಿಡಿಯಿತು.

ಕೊಡಗಿನ ಮಾತು ಬಿಡಿ. ಅಲ್ಲಿನ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಅದನ್ನು 2019ರಲ್ಲಿ ಕೇಂದ್ರ ಗೃಹ ಇಲಾಖೆ 2029ರವರೆಗೆ ಮುಂದುವರಿಸಿದೆ. ಕೋವಿ ತಯಾರಿಸುವುದಕ್ಕೂ ಮಾರುವುದಕ್ಕೂ ಹೊರದೇಶದಿಂದ ತರಿಸುವುದಕ್ಕೂ ಅದು ಪರವಾನಗಿ ಅಲ್ಲ. ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದ ತಯಾರಿಕೆಗೂ ಮಾರಾಟಕ್ಕೂ ಈಗ ಕನಿಷ್ಠ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ. ಬಿಡಿಭಾಗ ಕೂಡ ಅಲ್ಲಿ ಶಸ್ತ್ರವೇ. ಸೂಟ್‌ಕೇಸಿನಲ್ಲಿ ಒಂದು ಲೋವರ್ ಇಟ್ಟುಕೊಂಡು ಬೆಂಗಳೂರಿನಲ್ಲಿ ಇಳಿದರೆ ತೋಟ ನೋಡುವುದು ಯಾವಾಗಲೋ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್, ಬಂದೂಕಿಗೆ ನಂಬರ್ ಇದೆ ಅಂದರೆ, ಗೆಳೆಯರನ್ನು ಕರೆದುಕೊಂಡು ಗನ್ ಅಂಗಡಿಗೆ ಹೋಗಿ. ಸ್ವಲ್ಪ ಫೀಸ್ ತೆಗೆದುಕೊಂಡು ಅವರೇ ಚೆಕ್ ಮಾಡಿ ಕೈ ಬದಲಾಯಿಸಿಕೊಡುತ್ತಾರೆ. ಕಾನೂನು ಕೇಳದಿದ್ದರೂ ಇದು ನೆಮ್ಮದಿ. ನಂಬರ್ ಇಲ್ಲದ್ದಾದರೆ ಮೊದಲು ಅಂಗಡಿಗೆ ಫೋನ್ ಮಾಡಿ. ದಾಸ್ತಾನಿಗೆ ಹತ್ತಿಸಿಕೊಂಡರೆ ಅವರು 7 ದಿನದೊಳಗೆ, ಅದಕ್ಕೂ ಮೊದಲೇ ಮಾರಿದರೆ ಮಾರುವ ಮುಂಚೆ, ನಂಬರ್ ಕೊರೆಸಬೇಕು. ಅಕ್ಷರದ ಎತ್ತರ ಇಂಚಿನ ಹದಿನಾರನೇ ಒಂದು ಭಾಗ, ಆಳ 0.003 ಇಂಚು, ಇಷ್ಟಕ್ಕೆ ಕಡಿಮೆ ಇರಬಾರದು. ಈ ತಾಪತ್ರಯ ಬೇಡ ಅಂತ ಬಹಳ ಅಂಗಡಿಯವರು ಕೈ ಆಡಿಸಿಬಿಡುತ್ತಾರೆ. ಆಗ ನನಗೆ ಸರಿ ಅನ್ನಿಸುವ ದಾರಿ, ಆ ಲೋವರ್ ಒಂದನ್ನು ಎಟಿಎಫ್ ಹೇಳುವ ರೀತಿಯಲ್ಲಿ ಕತ್ತರಿಸಿ ನಾಶ ಮಾಡುವುದು, ಬ್ಯಾರೆಲ್, ಸ್ಕೋಪ್, ಸ್ಟಾಕ್ ಮಾತ್ರ ಮಾರುವುದು. ಬೆಲೆ ಇರುವುದೂ ಅವುಗಳಿಗೇ.

ಎಚ್-1ಬಿ, ಬೇಟೆ ಲೈಸೆನ್ಸ್ ಇಲ್ಲ ಅಂತಾದರೆ ಮಾರಿಬಿಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಮಾರಾಟ ಇನ್ನೊಂದು ಸಾಕ್ಷಿ ಆಗುತ್ತದೆ ಅಷ್ಟೇ. ಇಲ್ಲಿ ಇನ್ನೇನೂ ಬರೆಯಬೇಡಿ, ನನಗೂ ಮೆಸೇಜ್ ಮಾಡಬೇಡಿ. ಕ್ರಿಮಿನಲ್ ಕೇಸು ನೋಡುವ ವಕೀಲರಿಗೆ ಇವತ್ತೇ ಫೋನ್ ಮಾಡಿ. ಬಂದೂಕನ್ನು ಯಾರ ಕೈಗೆ, ಹೇಗೆ ಒಪ್ಪಿಸಬೇಕು ಅಂತ ಅವರೇ ಹೇಳಲಿ. ಜೊತೆಗೆ ಇಮಿಗ್ರೇಷನ್ ವಕೀಲರೂ ಇರಲಿ, ಯಾಕೆಂದರೆ ಒಬ್ಬರು ಸಣ್ಣ ಶಿಕ್ಷೆಗೆ ರಾಜಿ ಮಾಡಿಸಿದರೆ ಅದೇ ರಾಜಿ ನಿಮ್ಮನ್ನು ಊರಿಗೆ ಕಳಿಸಬಹುದು. ಈ ಅಪಾಯವನ್ನು ಕಕ್ಷಿದಾರನಿಗೆ ಮೊದಲೇ ಹೇಳುವುದು ವಕೀಲರ ಹೊಣೆ ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅವರು ಹೇಳದಿದ್ದರೆ ನೀವೇ ಕೇಳಿ.