ಮಂಗಳವಾರ ಬರುವ ಹುಡುಗಿ

ಕ್ಯಾಲಿಫೋರ್ನಿಯಾದಿಂದ ಬಂದ ಒಂದು ಪತ್ರ ಹಲವು ದಿನಗಳಿಂದ ನನ್ನನ್ನು ಕೊರೆಯುತ್ತಿದೆ. ಅದರಲ್ಲಿ ಕೇಳಿದ ಪ್ರಶ್ನೆ ಅಷ್ಟೇನೂ ಕಾಡಲಿಲ್ಲ. ನಡುವೆ ಆವರಣ ಚಿಹ್ನೆಯೊಳಗೆ ಸೇರಿಸಿದ್ದ ಒಂದೇ ಒಂದು ವಾಕ್ಯ ಕಾಡಿತು.

ಬರೆದವರು ನಮ್ಮ ಕಡೆಯ ಹೆಣ್ಣುಮಗಳು. ಎಂಜಿನಿಯರಿಂಗ್ ಓದಿ, ಮದುವೆಯಾಗಿ, ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದ ಗಂಡನ ಜೊತೆ, ಅಂಥವರ ಸಂಗಾತಿಗಳಿಗೆ ಕೊಡುವ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದವರು. ಆಗ ಆ ವೀಸಾದವರು ದುಡಿಯುವಂತಿರಲಿಲ್ಲ. ಮನೆಯಲ್ಲಿ ಕುಳಿತು ಬೇಸತ್ತು, ವಲಸಿಗರಿಗೂ ಬಡವರಿಗೂ ನೆರವಾಗುವ ಒಂದು ಸಣ್ಣ ಸೇವಾ ಸಂಸ್ಥೆಗೆ ಸ್ವಯಂಸೇವಕಿಯಾಗಿ ಹೋಗತೊಡಗಿದರು. ಗ್ರೀನ್ ಕಾರ್ಡ್ ಸರದಿಯಲ್ಲಿದ್ದವರ ಸಂಗಾತಿಗಳಿಗೆ 2015ರಲ್ಲಿ ಕೆಲಸದ ಪರವಾನಗಿ ಸಿಗುವಂತಾದಾಗ ಅಲ್ಲೇ ಸಂಬಳಕ್ಕೆ ಸೇರಿದರು. ಸಂಸ್ಥೆಯನ್ನು ಕಟ್ಟಿದ ಹಿರಿಯ ಮಹಿಳೆ ನಿವೃತ್ತರಾದಾಗ ಆಡಳಿತ ಮಂಡಳಿ ಇವರನ್ನು ಹಂಗಾಮಿ ನಿರ್ದೇಶಕಿಯಾಗಿ ಕೂರಿಸಿತು. ಅದಾಗಿ ಹದಿನಾಲ್ಕು ತಿಂಗಳು. ಹೊರೆ ನಿರ್ದೇಶಕಿಯದು, ಸಂಬಳ ಹಳೆಯದು. ಈಗ ಮಂಡಳಿಯ ಅಧ್ಯಕ್ಷರು, ‘ಎಲ್ಲರಂತೆ ನೀವೂ ಅರ್ಜಿ ಹಾಕಿ, ಹಣ ಸಂಗ್ರಹದಲ್ಲಿ ಪಳಗಿದವರನ್ನು ಹೊರಗಿನಿಂದಲೂ ನೋಡುತ್ತಿದ್ದೇವೆ’ ಎಂದಿದ್ದಾರೆ. ನಿವೃತ್ತರಾದ ಸಂಸ್ಥಾಪಕಿ ಇನ್ನೂ ವಾರಕ್ಕೊಮ್ಮೆ ಕಚೇರಿಗೆ ಬರುತ್ತಾರೆ, ಸಿಬ್ಬಂದಿ ಅವರ ಬಳಿಗೇ ಹೋಗುತ್ತಾರೆ. ಗಂಡ ‘ರಾಜೀನಾಮೆ ಕೊಟ್ಟು ಬಾ’ ಎನ್ನುತ್ತಿದ್ದಾರೆ. ‘ಅರ್ಜಿ ಹಾಕಲೇ, ಬಿಟ್ಟು ಬರಲೇ?’ ಇದು ಪ್ರಶ್ನೆ.

ತಂಗೀ, ನಿಮಗೆ ಅನ್ಯಾಯವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹದಿನಾಲ್ಕು ತಿಂಗಳ ದುಡಿಮೆಯನ್ನು ಹಂಗಾಮಿ ಎಂಬ ನೆಪದಲ್ಲಿ ಅಗ್ಗಕ್ಕೆ ಪಡೆದದ್ದು ತಪ್ಪು. ಸೇವಾ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳ ಕೃತಜ್ಞತೆಯನ್ನೇ ಸಂಬಳದ ಭಾಗವೆಂದು ಲೆಕ್ಕ ಹಿಡಿಯುವ ಚಾಳಿಯ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ನಿಮ್ಮ ಹಿಂದಿನವರಿಗೆ ಎಷ್ಟು ಕೊಡುತ್ತಿದ್ದರು ಎಂಬುದು ಗುಟ್ಟೇನಲ್ಲ. ಸಂಸ್ಥೆ ಪ್ರತಿವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ಫಾರ್ಮ್ 990ರಲ್ಲಿ ನಿರ್ದೇಶಕರ ಸಂಬಳ ಬರೆದಿರುತ್ತದೆ, ಯಾರು ಕೇಳಿದರೂ ಅದನ್ನು ತೋರಿಸಬೇಕು. ಅದನ್ನು ಮುಂದಿಟ್ಟು ಬಾಕಿ ಕೇಳಿ. ಈ ವಿಷಯ ಇಲ್ಲಿಗೆ ಸಾಕು.

ಆ ವಾಕ್ಯಕ್ಕೆ ಬರುತ್ತೇನೆ. ನೀವು ಬರೆದದ್ದು ಹೀಗೆ: ‘(ದುಭಾಷಿಗೆಂದು ಇಟ್ಟಿದ್ದ ಹಣವನ್ನು ಖಜಾಂಚಿ ಕಡಿತ ಮಾಡಿಸಿದ ಮೇಲೆ ಸ್ವಲ್ಪ ತೊಂದರೆಯಾಗಿದೆ. ಮಂಗಳವಾರಗಳಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿ ತಾಯಿಯ ಜೊತೆ ಬಂದು ಅವರ ಊರಿನವರ ಮಾತನ್ನೆಲ್ಲ ನಮಗೆ ತಿಳಿಸುತ್ತಾಳೆ. ಬಹಳ ಚುರುಕು, ನಮಗೆಲ್ಲ ಅಚ್ಚುಮೆಚ್ಚು.)’

ಮಂಗಳವಾರ ಶಾಲೆ ಇರುತ್ತದೆ.

ಆ ಕುಟುಂಬ ಗ್ವಾಟೆಮಾಲಾದ ಪಶ್ಚಿಮದ ಬೆಟ್ಟಸೀಮೆಯಿಂದ ಬಂದದ್ದು, ಮನೆಮಾತು ಮಾಮ್ ಎಂದೂ ನೀವೇ ತಿಳಿಸಿದ್ದೀರಿ. ಮಾಮ್ ಮಾಯಾ ಕುಟುಂಬದ ಭಾಷೆ. ಸ್ಪ್ಯಾನಿಷ್‌ಗೂ ಅದಕ್ಕೂ ನಂಟಿಲ್ಲ. ‘ಸ್ಪ್ಯಾನಿಷ್ ಬಲ್ಲವರು ಕಚೇರಿಯಲ್ಲಿ ಇಬ್ಬರಿದ್ದಾರಲ್ಲ, ಸಾಲದೇ?’ ಎಂದು ಖಜಾಂಚಿ ಕೇಳಿದರಂತೆ. ತುಳು ಮಾತ್ರ ಬಲ್ಲ ಅಜ್ಜಿಯ ಮುಂದೆ ಹಿಂದಿ ಬಲ್ಲವರನ್ನು ಕೂರಿಸಿ, ಇಬ್ಬರೂ ಭಾರತದವರೇ ತಾನೇ ಎಂದಂತಾಯಿತು. ಹೀಗಾಗಿ ಮಾಮ್, ಸ್ಪ್ಯಾನಿಷ್, ಇಂಗ್ಲಿಷ್ ಮೂರನ್ನೂ ಬಲ್ಲ ಆ ಮಗು ನಿಮ್ಮ ಕೌಂಟರಿನಲ್ಲಿ ನಿಲ್ಲುತ್ತದೆ.

ನಿಮ್ಮ ಸಾಧನೆಯೆಂದು ಒಂದು ಪ್ರಸಂಗ ಬರೆದಿದ್ದೀರಿ. ಕಳೆದ ತಿಂಗಳು ಒಂದು ಸಂಸಾರ ಬೀದಿಪಾಲಾಗುವುದನ್ನು ತಪ್ಪಿಸಿದಿರಿ. ಒಳ್ಳೆಯ ಕೆಲಸ. ಆದರೆ ಆ ದಿನ ಕೌಂಟರಿನಲ್ಲಿ ನಡೆದದ್ದನ್ನು ಇನ್ನೊಮ್ಮೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಬಾಕಿಗೆ ಮೊದಲು ಮೂರು ದಿನಗಳ ನೋಟಿಸ್ ಬರುತ್ತದೆ. ಆಮೇಲೆ ನ್ಯಾಯಾಲಯದ ಸಮನ್ಸ್. ಸಮನ್ಸ್ ಕೈಗೆ ಬಂದ ಮೇಲೆ ಉತ್ತರ ಸಲ್ಲಿಸಲು 2025ರ ಜನವರಿಯಿಂದ ನ್ಯಾಯಾಲಯದ ಕೆಲಸದ ದಿನಗಳ ಲೆಕ್ಕದಲ್ಲಿ 10 ದಿನ, ಅದಕ್ಕೂ ಮೊದಲು ಬರೀ 5 ದಿನವಿತ್ತು. ಗಡುವು ತಪ್ಪಿದರೆ ಬಾಡಿಗೆದಾರರ ಮಾತನ್ನು ಕೇಳದೆಯೇ ತೀರ್ಪು ಬರಬಹುದು. ಆ ಗಡುವನ್ನು, ಬಾಕಿಯ ಮೊತ್ತವನ್ನು, ಮನೆಯೊಡೆಯನ ಆರೋಪವನ್ನು ತನ್ನ ಪಕ್ಕದ ಮನೆಯವರಾದ ಆ ಸಂಸಾರಕ್ಕೆ ತಿಳಿಸಿದವಳು ಹನ್ನೊಂದು ವರ್ಷದ ಹುಡುಗಿ. ‘ಮಧ್ಯೆ ಒಮ್ಮೆ ಸುಮ್ಮನಾದಳು, ತಾಯಿಯ ಮುಖ ನೋಡಿ ಮತ್ತೆ ಶುರು ಮಾಡಿದಳು’ ಎಂದು ನೀವೇ ಬರೆದಿದ್ದೀರಿ. ಸುಮ್ಮನಾದಾಗ ಅವಳು ಏನನ್ನು ನುಂಗಿಕೊಂಡಳು? ನಿಮಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ನಿಮಗಿಲ್ಲ. ದೊಡ್ಡವರಿಗೆ ನೋವಾಗುತ್ತದೆಂದು ಮಕ್ಕಳು ಅರ್ಧ ಹೇಳುತ್ತಾರೆ, ಅರ್ಥವಾಗದ್ದನ್ನು ಹಾರಿಸುತ್ತಾರೆ. ಸಾಲ, ಕಾಯಿಲೆ, ಗಂಡನ ಹೊಡೆತ, ವೀಸಾದ ಭಯ ಇವನ್ನೆಲ್ಲ ಹೇಳಿಕೊಳ್ಳಲು ಬಂದ ಹೆಂಗಸು ಆ ಮಗುವಿನ ಮುಂದೆ ಬಾಯಿ ಬಿಡುವುದಿಲ್ಲ, ಬಿಟ್ಟರೆ ಅದು ಇನ್ನೂ ಕೆಟ್ಟದ್ದು. ಆಮೇಲೆ ಆ ಹುಡುಗಿ ಅದೇ ಹೆಂಗಸನ್ನು ಮೆಟ್ಟಿಲ ಮೇಲೆ ದಿನವೂ ಎದುರಾಗಬೇಕು.

ಮಕ್ಕಳನ್ನು ದುಭಾಷಿಗಳಾಗಿ ನಿಲ್ಲಿಸಬಾರದು. ಹೆತ್ತ ತಾಯಿಗೇ ಆಗಲಿ, ಮಗು ತಾನೇ ಮುಂದೆ ಬಂದಿರಲಿ, ಈ ವಿಷಯದಲ್ಲಿ ನನ್ನ ಬಳಿ ರಿಯಾಯಿತಿ ಇಲ್ಲ. ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಹಣ ಪಡೆಯುವ ಆರೋಗ್ಯ ಸೇವೆಗಳಿಗೆ ಅಲ್ಲಿನ ನಿಯಮಗಳೂ 2016ರಿಂದ ಇದನ್ನೇ ಹೇಳುತ್ತಿವೆ. ಸುರಕ್ಷತೆಗೆ ತಕ್ಷಣದ ಅಪಾಯವಿರುವ ತುರ್ತು ಸಂದರ್ಭದ ಹೊರತು ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ನೆಚ್ಚುವಂತಿಲ್ಲ. ನೀವು ಆರೋಗ್ಯ ವಿಮೆಯ ಅರ್ಜಿಗಳನ್ನೂ ತುಂಬಿಸಿಕೊಡುತ್ತೀರಿ. ಆ ನಿಯಮವನ್ನು ಒಮ್ಮೆ ಓದಿ.

ನಿಮ್ಮ ಪತ್ರದಲ್ಲಿ ಅಧ್ಯಕ್ಷರ ಮೇಲೆ ದೂರಿದೆ, ಸಂಸ್ಥಾಪಕಿಯ ಮೇಲೆ ಮುನಿಸಿದೆ. ಖಜಾಂಚಿಯ ವಿಷಯ ಮಾತ್ರ ಒಂದೇ ಸಾಲಿನಲ್ಲಿ ಮುಗಿದಿದೆ. ನನ್ನ ಕೋಪವೆಲ್ಲ ಆ ಮನುಷ್ಯನ ಮೇಲೆ. ‘ಆಡಳಿತ ವೆಚ್ಚ ಕಡಿಮೆ ಇದ್ದರೆ ದಾನಿಗಳಿಗೆ ಹಿಡಿಸುತ್ತದೆ’ ಎಂದು ಆತ ದುಭಾಷಿಯ ಹಣಕ್ಕೆ ಕತ್ತರಿ ಹಾಕಿಸಿದರು. ದುಭಾಷಿ ಎಂದಿನಿಂದ ಆಡಳಿತ ವೆಚ್ಚವಾದರು? ಬಂದವರ ಮಾತು ಕೇಳುವುದೇ ನಿಮ್ಮ ಕಾರ್ಯಕ್ರಮ. ಆ ವೆಚ್ಚ ಕಾರ್ಯಕ್ರಮದ ತಲೆಬರಹದಡಿ ಸೇರಬೇಕು, ಯಾವ ಲೆಕ್ಕಪರಿಶೋಧಕರನ್ನಾದರೂ ಕೇಳಿ. ಇನ್ನು ದಾನಿಗಳ ಮಾತು. ಆಡಳಿತ ವೆಚ್ಚದ ಶೇಕಡಾವಾರು ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದು ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್‌ನ ಮುಖ್ಯಸ್ಥರು 2013ರಲ್ಲೇ ದಾನಿಗಳಿಗೆ ಬಹಿರಂಗ ಪತ್ರ ಬರೆದಿದ್ದರು. ದಾನಿಗಳಿಗೆ ಸಂಸ್ಥೆಗಳ ಯೋಗ್ಯತೆ ತಿಳಿಸುವ ಕೆಲಸವನ್ನೇ ಮಾಡುವವರು ಅವರು. ಫೆಡರಲ್ ಸರ್ಕಾರವೂ ಹೊಸ ಅನುದಾನಗಳಲ್ಲಿ ಪರೋಕ್ಷ ವೆಚ್ಚಕ್ಕೆ, ಅಂದರೆ ಕಚೇರಿ ನಡೆಸುವಂಥ ಖರ್ಚಿಗೆ, ಸರ್ಕಾರದ ಜೊತೆ ಮೊದಲೇ ದರ ಒಪ್ಪಂದ ಮಾಡಿಕೊಂಡಿರದ ಸಂಸ್ಥೆಗಳು ಪಡೆಯಬಹುದಾದ ಪಾಲನ್ನು 2024ರ ಅಕ್ಟೋಬರ್‌ನಿಂದ ಶೇ 10ರಿಂದ ಶೇ 15ಕ್ಕೆ ಏರಿಸಿದೆ. ಖಜಾಂಚಿಯಾದವರಿಗೆ ಇದು ತಿಳಿದಿರಬೇಕು.

‘ಭಾಷಾ ನೆರವಿನ ಆದೇಶವೇ ರದ್ದಾಯಿತಲ್ಲ’ ಎಂದೂ ಆತ ಹೇಳಿದ್ದಾರೆ. ಆದೇಶ ರದ್ದಾದದ್ದು ನಿಜ. 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ್ದನ್ನು 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಹಿಂಪಡೆದರು. ಆದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಎಲ್ಲಿಗೂ ಹೋಗಿಲ್ಲ. ಫೆಡರಲ್ ಹಣ ಪಡೆಯುವವರು ಹುಟ್ಟಿದ ನಾಡಿನ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎನ್ನುವುದು ಆ ಕಾಯ್ದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳಿಗೆ ಭಾಷೆಯ ನೆರವು ಕೊಡದೆ ಪಾಠ ಮಾಡುತ್ತಿದ್ದುದು ಅದೇ ಕಾಯ್ದೆಗೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲಿ ಲೌ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಿಮ್ಮ ಸಂಸ್ಥೆಗೂ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲಾಡಳಿತದ, ಮೂಲಕ ಫೆಡರಲ್ ಹಣ ಬರುತ್ತದೆ. ಕಾನೂನಿನ ಮಾತು ಹಾಗಿರಲಿ. ನಾಳೆ ಕಾಯ್ದೆಯೇ ಹೋದರೂ ಆ ತಾಯಿಗೆ ತನ್ನ ಮಾತು ತಲುಪಿಸುವ ಹಕ್ಕು ಇದ್ದೇ ಇರುತ್ತದೆ.

ಈಗ ನಿಮಗೆ ನೇರವಾಗಿ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಹದಿನಾಲ್ಕು ತಿಂಗಳು ಆ ಕುರ್ಚಿ ನಿಮ್ಮದೇ ಆಗಿತ್ತು. ಹಂಗಾಮಿಯಾದರೂ ಸಹಿ ನಿಮ್ಮದು, ಕಚೇರಿ ನಿಮ್ಮದು, ಕೌಂಟರಿನಲ್ಲಿ ಯಾರು ನಿಲ್ಲಬೇಕೆಂಬ ತೀರ್ಮಾನವೂ ನಿಮ್ಮದು. ‘ನಾನೂ ವಲಸಿಗಳೇ, ಅವರ ಕಷ್ಟ ನನಗೆ ಗೊತ್ತು’ ಎಂದು ಎರಡು ಕಡೆ ಬರೆದಿದ್ದೀರಿ. ವೀಸಾಕ್ಕಾಗಿ ಕಾದ ವರ್ಷಗಳ ನೋವು ನಿಮಗೆ ಗೊತ್ತು, ಒಪ್ಪುತ್ತೇನೆ. ಆದರೆ ನೀವು ಇಂಗ್ಲಿಷಿನ ಜೊತೆ, ಪದವಿಯ ಜೊತೆ ಅಲ್ಲಿಗೆ ಹೋದವರು. ನಿಮ್ಮ ಪರವಾಗಿ ಸರ್ಕಾರಿ ಕಾಗದ ಓದಲು ನಿಮ್ಮ ಮಗಳು ಶಾಲೆ ತಪ್ಪಿಸಬೇಕಾಗಿ ಬರಲಿಲ್ಲ. ಆ ಅಂತರ ನಿಮ್ಮ ಗಮನಕ್ಕೆ ಬಾರದ್ದರಿಂದಲೇ ಹುಡುಗಿ ಆವರಣ ಚಿಹ್ನೆಯೊಳಗೆ ಹೋದಳು. ಮಂಡಳಿ ನಿಮ್ಮನ್ನು ಗುರುತಿಸಲಿಲ್ಲವೆಂದು ನೀವು ನೊಂದಿದ್ದೀರಿ. ಆದರೆ ನಾಯಕತ್ವವನ್ನು ಮಂಡಳಿ ಕೊಡಲೆಂದು ಕಾಯುತ್ತ ಕುಳಿತವರು, ಕೊಟ್ಟ ಮೇಲೂ ಅವರ ಮುಖವನ್ನೇ ನೋಡುತ್ತಿರುತ್ತಾರೆ.

ಆದ್ದರಿಂದ ಮಾಡಬೇಕಾದದ್ದು ಇಷ್ಟೇ: ನಾಳೆ ಬೆಳಿಗ್ಗೆಯಿಂದ ಹದಿನೆಂಟು ತುಂಬದ ಯಾರೂ ನಿಮ್ಮ ಕಚೇರಿಯಲ್ಲಿ ದುಭಾಷಿಯಾಗಿ ನಿಲ್ಲಕೂಡದೆಂದು ಲಿಖಿತ ಸೂಚನೆ ಹೊರಡಿಸಿ. ಇದಕ್ಕೆ ಮಂಡಳಿಯ ಅಪ್ಪಣೆ ಬೇಕಿಲ್ಲ. ಮಾಮ್ ಬಲ್ಲ ದುಭಾಷಿಗಳು ದೂರವಾಣಿಯಲ್ಲಿ ಸಿಗುತ್ತಾರೆ, ನಿಮಿಷದ ಲೆಕ್ಕದಲ್ಲಿ ದುಡ್ಡು. ಅವರು ಮಾಮ್‌ನಿಂದ ಸ್ಪ್ಯಾನಿಷ್‌ಗೆ ಹೇಳಿದರೆ, ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ನಿಮ್ಮ ಆ ಇಬ್ಬರು ಇದ್ದಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಮುಂದಿನ ಮಂಡಳಿ ಸಭೆಯಲ್ಲಿ ಆ ವೆಚ್ಚವನ್ನು ಬಜೆಟ್ಟಿನ ತಿದ್ದುಪಡಿಯಾಗಿ ಮಂಡಿಸಿ, ಮತಕ್ಕೆ ಹಾಕಿಸಿ, ಯಾರು ಪರ ಯಾರು ವಿರೋಧ ಎಂಬುದನ್ನು ಹೆಸರು ಸಹಿತ ನಡಾವಳಿಯಲ್ಲಿ ಬರೆಸಿ. ಗೆದ್ದರೆ ಅರ್ಜಿ ಹಾಕಿ. ಸೋತರೆ ನಿಮ್ಮ ಗಂಡ ಹೇಳಿದಂತೆ ಮಾಡಿ. ಬಾಕಿ ಸಂಬಳವನ್ನು ಮಾತ್ರ ಎರಡೂ ಸಂದರ್ಭದಲ್ಲಿ ಬಿಡಬೇಡಿ.

ಸಂಸ್ಥಾಪಕಿಯ ಬಗ್ಗೆ ನಿಮಗಿರುವಷ್ಟು ಅಸಮಾಧಾನ ನನಗಿಲ್ಲ. ಕಟ್ಟಿದವರಿಗೆ ಬಿಟ್ಟು ಹೋಗುವುದು ಸುಲಭವಲ್ಲ. ಸಿಬ್ಬಂದಿಯ ತಕರಾರು ಕೇಳುವ ಬದಲು ದುಭಾಷಿಯ ನಿಧಿಗೆ ಹಣ ಕೂಡಿಸಿಕೊಡಿ ಎಂದು ಕೇಳಿ. ಬಹುಶಃ ಒಪ್ಪುತ್ತಾರೆ.

ಒಂದು ವಿಷಯ ಉಳಿದಿದೆ. ನಿಮ್ಮ ಮಂಡಳಿಯಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಮನೆ ಮಾರಾಟದವರಿದ್ದಾರೆ. ನಿಮ್ಮ ಕೌಂಟರಿನ ಸಾಲಿನಲ್ಲಿ ನಿಂತ ಒಬ್ಬರೂ ಇಲ್ಲ. ಅಮೆರಿಕದಲ್ಲೇ, ಫೆಡರಲ್ ನೆರವಿನ ಸಮುದಾಯ ಆರೋಗ್ಯ ಕೇಂದ್ರಗಳ ಮಂಡಳಿಯಲ್ಲಿ ಕನಿಷ್ಠ ಶೇ 51ರಷ್ಟು ಮಂದಿ ಅಲ್ಲೇ ಚಿಕಿತ್ಸೆ ಪಡೆಯುವವರಾಗಿರಬೇಕೆಂಬ ನಿಯಮವಿದೆ. 1965ರಲ್ಲಿ ಬಾಸ್ಟನ್‌ನ ಕೊಲಂಬಿಯಾ ಪಾಯಿಂಟ್ ಎಂಬ ಬಡವರ ವಸತಿಯಲ್ಲಿ ಶುರುವಾದ ಪ್ರಯೋಗದಿಂದ ಬೆಳೆದು ಬಂದ ಕೇಂದ್ರಗಳವು. ಅಲ್ಲಿ ರೋಗಿಗಳೇ ಬಜೆಟ್ಟಿಗೆ ಮತ ಹಾಕುತ್ತಾರೆ. ನಿಮಗೆ ಆ ನಿಯಮ ಅನ್ವಯಿಸದಿರಬಹುದು, ಆದರೆ ಅದನ್ನು ಅನುಸರಿಸಬೇಡಿ ಎಂದವರು ಯಾರೂ ಇಲ್ಲ. ಸೇವೆ ಪಡೆಯುವವರು ಮತ ಹಾಕುವ ಕುರ್ಚಿಯಲ್ಲಿ ಕುಳಿತಿದ್ದರೆ ಖಜಾಂಚಿಯ ಕತ್ತರಿ ದುಭಾಷಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಹುದ್ದೆ ನಿಮಗೆ ಖಾಯಂ ಆದರೆ ಆ ಹುಡುಗಿಯ ತಾಯಿಯಂಥ ಇಬ್ಬರನ್ನು ಮೊದಲ ವರ್ಷದಲ್ಲೇ ಮಂಡಳಿಗೆ ಕರೆತನ್ನಿ. ಅವರಿಗೂ ಸಭೆಯಲ್ಲಿ ದುಭಾಷಿ ಇರಲಿ, ಬಂದುಹೋಗುವ ಖರ್ಚು ಸಂಸ್ಥೆ ಕೊಡಲಿ.

ಅರ್ಜಿಯ ಕೊನೆಯ ದಿನ ಮಂಡಳಿಯ ಸಭೆಗಿಂತ ಮೊದಲೇ ಇದ್ದರೆ, ಅದನ್ನು ಮುಂದೂಡಲು ಅಧ್ಯಕ್ಷರಿಗೆ ಬರೆಯಿರಿ. ಅವರು ಒಪ್ಪದಿದ್ದರೆ ಅರ್ಜಿಯನ್ನು ಸಲ್ಲಿಸಿ, ಅದರ ಜೊತೆಗೆ ಬಜೆಟ್ಟಿನ ತಿದ್ದುಪಡಿಯನ್ನೂ ನೀವು ಹೊರಡಿಸಿದ ಸೂಚನೆಯ ಪ್ರತಿಯನ್ನೂ ಲಗತ್ತಿಸಿ.