ಹಳೆ ಓಮ್ನಿಯಿಂದ ಸ್ಪೋರ್ಟ್ಸ್ ಕಾರು ಕಟ್ಟಬಹುದು, ನಂಬರ್ ಮಾತ್ರ ಸಿಗುವುದಿಲ್ಲ

ಹಳೆ ಮಾರುತಿ ಪಾರ್ಟ್ಸ್ ಹಾಕಿ ಕಡಿಮೆ ಖರ್ಚಲ್ಲಿ ಬೆಂಗಳೂರಲ್ಲೇ ಒಂದು ಹಗುರವಾದ ಕಾರು ಕಟ್ಟಬಹುದಾ, ಅದರಲ್ಲಿ ಆಫೀಸಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ಕಟ್ಟಬಹುದು. ಆಫೀಸಿಗೆ ಆಗುವುದಿಲ್ಲ.

ಎರಡನೆಯದನ್ನು ಮೊದಲು ಮುಗಿಸಿಬಿಡೋಣ, ಹೊರದೇಶದವರು ಕಾರು ಕಟ್ಟುವ ವಿಡಿಯೋ ನೋಡಿ ಜನ ಬೇಸ್ತು ಬೀಳುವುದು ಇಲ್ಲೇ. ಬ್ರಿಟನ್ನಿನಲ್ಲಿ ಮನೇಲಿ ಕಟ್ಟಿದ ಒಂದೇ ಗಾಡಿಯನ್ನೂ ಪರೀಕ್ಷೆಗೆ ಒಯ್ದು, ಪಾಸಾದರೆ ನಂಬರ್ ಪಡೆಯಬಹುದು. ನಮ್ಮಲ್ಲಿ ಹೊಸ ಮಾಡೆಲ್‌ಗೆ ವಾಹನ ಪರೀಕ್ಷೆ ಮಾಡುವ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಒಪ್ಪಿಗೆ ಬೇಕು, ಅದು ಕಂಪನಿಗಳ ಜೇಬಿಗೆ ಮಾತ್ರ ಆಗುವ ಕೆಲಸ. ಹಳೆ ಗಾಡಿಯ ಆರ್‌ಸಿ ಇಟ್ಟುಕೊಂಡು ಅದೇ ನಂಬರಲ್ಲಿ ಓಡಿಸೋಣ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ ಅಂತ ಹೇಳಿದೆ. ಹಾಗಾಗಿ ಇದು ತೋಟದಲ್ಲೋ ಟ್ರ್ಯಾಕ್‌ನಲ್ಲೋ ಓಡಿಸುವ ಗಾಡಿ, ಅಲ್ಲಿಗೂ ಲಾರಿ ಮೇಲೆ ಹಾಕಿಕೊಂಡೇ ಹೋಗಬೇಕು. ಅಷ್ಟು ಸಾಕು ಅನ್ನಿಸಿದರೆ ಮುಂದೆ ಓದಿ.

ಮಾರುತಿ 800 ಬೇಡ, ಓಮ್ನಿ ತಗೊಳ್ಳಿ. ಎರಡರಲ್ಲೂ ಇರುವುದು 796 ಸಿಸಿ, ಮೂರು ಸಿಲಿಂಡರ್ ಎಂಜಿನ್. ಆದರೆ 800ರಲ್ಲಿ ಅದು ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಓಮ್ನಿಯಲ್ಲಿ ಉದ್ದಕ್ಕೆ ಕೂತು, ಪ್ರೊಪೆಲ್ಲರ್ ಶಾಫ್ಟ್ ಅನ್ನುವ ಉದ್ದ ದಂಡದ ಮೂಲಕ ಹಿಂದಿನ ಆಕ್ಸಲ್‌ಗೆ ಬಲ ಕೊಡುತ್ತದೆ. 1957ರಲ್ಲಿ ಬಂದ, ಎರಡೇ ಸೀಟಿನ ಬ್ರಿಟಿಷ್ ಹಗುರ ಸ್ಪೋರ್ಟ್ಸ್ ಕಾರು ಲೋಟಸ್ ಸೆವೆನ್ ನಮೂನೆಗೆ ಬೇಕಾದದ್ದೂ ಇದೇ. ಓಮ್ನಿ ಅಂದರೆ ನಗಬೇಡಿ. ಸೆವೆನ್ ಅನ್ನು ಇವತ್ತಿಗೂ ಮಾಡುವ ಕೇಟರ್‌ಹ್ಯಾಮ್ ಕಂಪನಿ ತನ್ನ 160 ಮಾಡೆಲ್‌ಗೆ ಹಾಕಿದ್ದು ಸುಜುಕಿಯ 660 ಸಿಸಿ ಮೂರು ಸಿಲಿಂಡರ್ ಟರ್ಬೊ ಎಂಜಿನ್, ಹಿಂದಿನ ಆಕ್ಸಲ್ ಕೂಡ ಸುಜುಕಿಯದೇ. 80 ಎಚ್‌ಪಿ, 490 ಕೆಜಿ. ಓಮ್ನಿಯಲ್ಲಿ ಅದರ ಅರ್ಧವೂ ಇಲ್ಲ, ಸುಮಾರು 35 ಎಚ್‌ಪಿ ಅಷ್ಟೇ. ಆದರೆ ಗಾಡಿ 500 ಕೆಜಿ ಆಸುಪಾಸು ನಿಂತರೆ ಅದೇ ಸಖತ್ ಮಜಾ ಕೊಡುತ್ತದೆ, ಪವರ್ ಹೆಚ್ಚಿಸಲು ಹೊರಡುವ ಮೊದಲು ತೂಕ ಇಳಿಸಿ.

ಬಿಡಿಬಿಡಿಯಾಗಿ ಗುಜರಿಯಲ್ಲಿ ಆರಿಸಬೇಡಿ. ಶಿವಾಜಿನಗರದಲ್ಲಿ ಎಲ್ಲ ಸಿಗುತ್ತದೆ ನಿಜ, ಆದರೆ ಕಾಗದ ಇಲ್ಲದ ಎಂಜಿನ್ ಯಾವ ಕದ್ದ ಗಾಡಿಯದೋ ಯಾರಿಗೆ ಗೊತ್ತು? ಓಡುತ್ತಿರುವ ಇಡೀ ಓಮ್ನಿಯನ್ನು ಆರ್‌ಸಿ ಸಮೇತ ಕೊಳ್ಳಿ, ಬಿಚ್ಚಿದ ಮೇಲೆ ಆರ್‌ಟಿಒದಲ್ಲಿ ಆರ್‌ಸಿ ರದ್ದು ಮಾಡಿಸಿ. ಬಿಚ್ಚುವ ಮೊದಲು ಚೆನ್ನಾಗಿ ಓಡಿಸಿ ಗೇರು, ಆಕ್ಸಲ್ ಸದ್ದು ಕೇಳಿಸಿಕೊಳ್ಳಿ. ವೈರಿಂಗ್‌ನ ಪ್ರತಿ ತುದಿಗೂ ಚೀಟಿ ಅಂಟಿಸಿ. ಬಾಗಿಲು, ಗಾಜು, ಸೀಟು ಮಾರಿದರೆ ಸ್ವಲ್ಪ ದುಡ್ಡು ವಾಪಸ್ ಬರುತ್ತದೆ.

ನಿಜವಾದ ಕೆಲಸ ಇರುವುದು ಫ್ರೇಮ್‌ನಲ್ಲಿ. 25 ಮಿಮೀ ಚೌಕ ಪೈಪು, 16 ಗೇಜ್ (ಸುಮಾರು 1.6 ಮಿಮೀ ದಪ್ಪ), ಮೀಟರಿಗೆ ಸುಮಾರು 1.2 ಕೆಜಿ. 60 ಮೀಟರ್ ಹಿಡಿದರೂ 70 ಕೆಜಿ ಚಿಲ್ಲರೆ. ನಾನು ಮತ್ತು ನನ್ನ ಭಾವ ಪೀಣ್ಯದಲ್ಲಿ ಕಟ್ಟುವಾಗ ಕರೆದ ವೆಲ್ಡಿಂಗ್ ಮೇಸ್ತ್ರಿ ಕಿಟಕಿ ಗ್ರಿಲ್ ಮಾಡುವವರು, ಒಂದು ಮೂಲೆ ಹಿಡಿದರೆ ಪೂರ್ತಿ ಎಳೆದೇ ಬಿಡುವ ಕೈ. ಇಲ್ಲಿ ಹಾಗೆ ಮಾಡಿದರೆ ಬಿಸಿಗೆ ಪೈಪು ಎಳೆದುಕೊಂಡು ಫ್ರೇಮ್ ಸೊಟ್ಟಗಾಗುತ್ತದೆ. ಸಮತಟ್ಟಾದ ಮೇಜಿನ ಮೇಲೆ ಮೊದಲು ಎಲ್ಲ ಕಡೆ ಬರೀ ಟ್ಯಾಕ್, ಅಂದರೆ ಹಿಡಿದು ನಿಲ್ಲಿಸುವಷ್ಟು ಚಿಕ್ಕ ಬೆಸುಗೆ ಹಾಕಿಸಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣ ಒಂದೇ ಇದೆಯಾ ನೋಡಿ. ಆಮೇಲೆ ಎಡಗಡೆ ಸ್ವಲ್ಪ, ಬಲಗಡೆ ಸ್ವಲ್ಪ, ಮಧ್ಯೆ ಮಧ್ಯೆ ಮತ್ತೆ ಟೇಪು. "ಸಾರ್, ಇದು ಮದುವೆ ಸೀರೆ ಆರಿಸಿದ ಹಾಗಾಯ್ತು" ಅಂತ ಮೇಸ್ತ್ರಿ ಗೊಣಗಿದರು. ಗೊಣಗಲಿ ಬಿಡಿ.

ಓಮ್ನಿಯ ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಎತ್ತರ, ಸೆವೆನ್ ಥರದ ತಗ್ಗು ಬಾನೆಟ್ ಮೇಲೆ ಎದ್ದು ನಿಲ್ಲುತ್ತದೆ. ಚಕ್ರ ಕೂರುವ ಹಬ್ ಉಳಿಸಿಕೊಂಡು, ಅದನ್ನು ಫ್ರೇಮ್‌ಗೆ ಹಿಡಿಯುವ ತೋಳು, ಅಂದರೆ ವಿಶ್‌ಬೋನ್ ಬೇರೆ ಮಾಡಿಸಬೇಕು, ಅದಕ್ಕೆ ಸಸ್ಪೆನ್ಷನ್ ಗೊತ್ತಿರುವವರ ಹತ್ತಿರ ಡ್ರಾಯಿಂಗ್ ತೋರಿಸಿಕೊಳ್ಳಿ. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಿದರೆ ಬ್ಯಾಲೆನ್ಸ್ ಮಾಡಿಸಲೇಬೇಕು. ಬ್ರೇಕಿನ ಮಾಸ್ಟರ್ ಸಿಲಿಂಡರ್, ಹೋಸ್, ವೀಲ್ ಸಿಲಿಂಡರ್ ಮೂರನ್ನೂ ಜೆ.ಸಿ. ರಸ್ತೆಯಲ್ಲಿ ಹೊಸದೇ ತನ್ನಿ. ಇಲ್ಲಿ ಜಿಪುಣತನ ಬೇಡ.

ಇನ್ನೊಂದು, ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಂತೂ ಶುರು ಮಾಡಬೇಡಿ. ಗ್ರೈಂಡರ್ ಹಚ್ಚಿದ ದಿನವೇ ಅಸೋಸಿಯೇಷನ್‌ನವರು ಮೆಟ್ಟಿಲು ಇಳಿದು ಬರುತ್ತಾರೆ. ಯಾರದಾದರೂ ಫ್ಯಾಬ್ರಿಕೇಷನ್ ಶೆಡ್ಡಲ್ಲಿ ಒಂದು ಮೂಲೆ ಬಾಡಿಗೆಗೆ ಕೇಳಿ. ಪವರ್, ವೆಲ್ಡಿಂಗ್ ಮೆಷಿನ್ ಎರಡೂ ಅಲ್ಲೇ ಇರುತ್ತವೆ.